ಶಿವಾಜಿನಗರದ ಮೇರಿಮಾತೆ ಚರ್ಚ್‌ಗೆ ನಾವು ಹೋಗಬಹುದಾ?

ಪ್ರಶ್ನೆ: ನಮ್ಮನೆಯವರು ಶಿವಾಜಿನಗರದ ಮೇರಿಮಾತೆಗೆ ಹರಕೆ ಹೊತ್ತಿದ್ದಾರೆ. ನಾವು ಕ್ರೈಸ್ತರಲ್ಲ. ಒಳಗೆ ಬಿಡ್ತಾರಾ ಸಾರ್? ಬ್ರಿಟಿಷರು ಕಟ್ಟಿದ ಚರ್ಚು, ಏನೇನು ರೂಲ್ಸ್ ಇರುತ್ತೋ ಅಂತ ಭಯ.

ಬಿಡ್ತಾರೆ. ಧಾರಾಳವಾಗಿ ಹೋಗಿ ಬನ್ನಿ. ಆಗಸ್ಟ್ ತಿಂಗಳು ಬಂದರೆ ಸಾಕು, ಚಿಕ್ಕಬಳ್ಳಾಪುರದಲ್ಲಿ ನನಗೆ ಈ ಪ್ರಶ್ನೆ ಗ್ಯಾರಂಟಿ. ಹೋದ ವರ್ಷ ಹಾಲಿನ ಬೂತ್ ಮುಂದೆ ನಿಂತಾಗಲೂ ಬಿಡಲಿಲ್ಲ. ಹೆಬ್ಬಾಳದಲ್ಲಿ ಇಳಿದು ಶಿವಾಜಿನಗರದ ಬಸ್ ಹತ್ತಿ. ರಸೆಲ್ ಮಾರ್ಕೆಟ್ ಎದುರಿಗೇ ಚರ್ಚು. ಆಗಸ್ಟ್ 29ಕ್ಕೆ ಬಾವುಟ ಏರುತ್ತದೆ, ಒಂಬತ್ತು ದಿನ ನವೇನ ಅನ್ನುವ ಪ್ರಾರ್ಥನೆ, ಸೆಪ್ಟೆಂಬರ್ 8ಕ್ಕೆ ಹಬ್ಬ ಮತ್ತು ತೇರು. ಅವತ್ತು ಕಾಲಿಡೋಕೆ ಜಾಗ ಇರುವುದಿಲ್ಲ. ವಯಸ್ಸಾದವರಿದ್ದರೆ ಬೇರೆ ದಿನ ಹೋಗಿ, ಮಾತೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಒಂದೇ ಒಂದು ಎಚ್ಚರಿಕೆ. ಬಲಿಪೂಜೆ, ಅಂದರೆ ಫಾದರ್ ನಡೆಸುವ ಮಾಸ್, ಅದರ ಕೊನೆಯ ಹೊತ್ತಿಗೆ ಜನ ಸಾಲಾಗಿ ಹೋಗಿ ಬಿಳೀ ಅಪ್ಪ ತೆಗೆದುಕೊಳ್ಳುತ್ತಾರಲ್ಲ, ಆ ಸಾಲಿಗೆ ಸೇರಬೇಡಿ. ನಾವು ಕ್ಯಾಥೋಲಿಕ್ಕರೇ ಅದನ್ನು ಪರಮಪ್ರಸಾದ ಅನ್ನುವುದರಿಂದ ಪ್ರಸಾದ ಅಂದುಕೊಂಡು ನಿಲ್ಲುವವರು ಜಾಸ್ತಿ, ಅವರ ತಪ್ಪಲ್ಲ. ಅದು ಕ್ಯಾಥೋಲಿಕ್ಕರಿಗೆ ಮಾತ್ರ. ನಮ್ಮ ಪಕ್ಕದ ಮನೆ ಅಕ್ಕ ಒಮ್ಮೆ ನನಗೆ ಗೊತ್ತಾಗುವ ಮೊದಲೇ ಸಾಲಿನ ಮುಂದೆ ತಲುಪಿಬಿಟ್ಟಿದ್ದರು. ಫಾದರ್ ಮೆಲ್ಲಗೆ "ಕ್ಯಾಥೋಲಿಕ್ಕಾ ಅಮ್ಮಾ?" ಅಂದರೆ ಇವರು, "ಇಲ್ಲ ಸ್ವಾಮಿ, ಚಿಕ್ಕಬಳ್ಳಾಪುರ" ಅಂದರು.

ಇನ್ನು "ಬ್ರಿಟಿಷರು ಕಟ್ಟಿದ ಚರ್ಚು". ಎಷ್ಟು ಸಲ ಹೇಳಲಿ? ನಮ್ಮೂರಲ್ಲಿ ಈ ಗೊಂದಲ ಯಾಕೆ ಅಂತ ನನಗೂ ಗೊತ್ತು. ಇಲ್ಲಿನ ಮಿಷನ್ ಆಸ್ಪತ್ರೆ ಶುರು ಮಾಡಿದ್ದು ಲಂಡನ್ ಮಿಷನ್ನಿನವರು. ಅವರು ಪ್ರಾಟೆಸ್ಟೆಂಟರು. ಕೋಲಾರದ ಮಿಷನ್ ಆಸ್ಪತ್ರೆಯವರು ಅಮೆರಿಕದ ಮೆಥಡಿಸ್ಟರು. ಬಿಳಿ ಮುಖ ಕಂಡರೆ ಬ್ರಿಟಿಷ್ ಅನ್ನುವುದು ನಮಗೆ ರೂಢಿಯಾಗಿಬಿಟ್ಟಿದೆ. ಆದರೆ ಕ್ಯಾಥೋಲಿಕ್ ಪಾದ್ರಿಗಳು ಮೈಸೂರು ಸೀಮೆಗೆ ಬಂದಿದ್ದು ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯ ಹಿಂದೆ ಅಲ್ಲ, ಎಷ್ಟೋ ಮುಂದೆ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಅಂದರೆ 1650ರ ಹೊತ್ತಿಗೇ, ಲಿಯೊನಾರ್ಡೊ ಚಿನ್ನಾಮಿ ಅನ್ನುವ ಇಟಲಿಯ ಪಾದ್ರಿ, ಜೆಸ್ವಿಟ್ ಅನ್ನುವ ಕ್ಯಾಥೋಲಿಕ್ ಸಂಘದವರು, ಶ್ರೀರಂಗಪಟ್ಟಣದಲ್ಲಿದ್ದರು. ಕನ್ನಡ ಕಲಿತು ಕನ್ನಡಕ್ಕೊಂದು ವ್ಯಾಕರಣ ಬರೆದರು. ಬಂಗಾಳದಲ್ಲಿ ಕಂಪನಿಯ ಆಳ್ವಿಕೆಗೆ ದಾರಿ ಮಾಡಿದ ಪ್ಲಾಸಿ ಕದನ ನಡೆದಿದ್ದು 1757ರಲ್ಲಿ. ಲೆಕ್ಕ ನೀವೇ ಹಾಕಿ. ಜೆಸ್ವಿಟ್ ಸಂಘವನ್ನು 1773ರಲ್ಲಿ ಪೋಪರೇ ರದ್ದು ಮಾಡಿದ ಮೇಲೆ ಇಲ್ಲಿನ ಕೆಲಸ ಹೋಗಿದ್ದು ಪ್ಯಾರಿಸ್ಸಿನ ಮಿಷನರಿಗಳ ಕೈಗೆ. ಶಿವಾಜಿನಗರ ಆಗ ಬ್ಲಾಕ್‌ಪಳ್ಳಿ. ಅಲ್ಲಿ ಸಣ್ಣದೊಂದು ಪ್ರಾರ್ಥನಾ ಮಂದಿರ ಕಟ್ಟಿದ್ದು ಫ್ರಾನ್ಸಿನ ಪಾದ್ರಿ ಅಬ್ಬೆ ದುಬ್ವಾ. ಮಾಂಸ ಬಿಟ್ಟು, ಇಲ್ಲಿಯವರ ಹಾಗೇ ಬಟ್ಟೆ ತೊಟ್ಟು, ಸಿಡುಬಿಗೆ ಲಸಿಕೆ ಹಾಕಿಸಿಕೊಳ್ಳಿ ಅಂತ ಜನರನ್ನು ಒಪ್ಪಿಸುತ್ತಾ ಓಡಾಡಿದ ಮನುಷ್ಯ. ಈಗಿನ ಎತ್ತರದ ಗೋಪುರದ ಚರ್ಚ್ ಎದ್ದಿದ್ದು ಫಾದರ್ ಕ್ಲೈನರ್ ಕಾಲದಲ್ಲಿ. 1875ರಲ್ಲಿ ಶುರುವಾಗಿ, 1882ರ ಸೆಪ್ಟೆಂಬರ್ 8ಕ್ಕೆ ಪ್ರತಿಷ್ಠೆ ಆಯಿತು. ಮಾಡಿದ್ದು ಬಿಷಪ್ ಕೊವಾದು, ಅವರೂ ಫ್ರೆಂಚರೇ.

ಹಾಗಂತ ಬ್ರಿಟಿಷರ ಗಾಳಿಯೇ ಸೋಕಿಲ್ಲ ಅಂತ ನಾನು ವಾದ ಮಾಡುವುದಿಲ್ಲ. ಜಾಗ ಕಂಟೋನ್ಮೆಂಟಿನದು. ಇಲ್ಲಿನ ಜನರ ಆಚಾರ ವಿಚಾರದ ಬಗ್ಗೆ ದುಬ್ವಾ ಬರೆದ ಹಸ್ತಪ್ರತಿಯನ್ನು ದುಡ್ಡು ಕೊಟ್ಟು ಕೊಂಡಿದ್ದೂ ಕಂಪನಿಯೇ. ಆದರೆ ಅದೇ ಕಂಪನಿಗೆ ಮಿಷನರಿಗಳು ಅಂದರೆ ತಲೆನೋವು, ವ್ಯಾಪಾರ ಕೆಡುತ್ತದೆ ಅನ್ನುವ ಹೆದರಿಕೆ. 1813ರ ಕಾಯಿದೆ ಬರುವವರೆಗೆ ತಮ್ಮದೇ ದೇಶದ ಪಾದ್ರಿಗಳನ್ನೂ ಸುಲಭವಾಗಿ ಒಳಗೆ ಬಿಡುತ್ತಿರಲಿಲ್ಲ. ಅದಕ್ಕೇ ಇಂಗ್ಲೆಂಡಿನ ಪಾದ್ರಿ ವಿಲಿಯಂ ಕೇರಿ ಡೆನ್ಮಾರ್ಕಿನವರ ಹಿಡಿತದಲ್ಲಿದ್ದ, ಬಂಗಾಳದ ಸೆರಾಂಪುರಕ್ಕೆ ಹೋಗಿ ಕೂತಿದ್ದು. ಸರಿ, ಅದೆಲ್ಲ ಬಿಡಿ. ಒಳಗೆ ಹೋದಾಗ ಮಾತೆಯನ್ನು ಒಮ್ಮೆ ಸರಿಯಾಗಿ ನೋಡಿ. ಉಟ್ಟಿರುವುದು ಸೀರೆ, ಎದುರಿಗೆ ಕಾವಿ ಸೀರೆಯುಟ್ಟ ಹರಕೆಯ ಹೆಂಗಸರು, ಕಾಲಡಿಗೆ ಅಂಟುವ ಮೇಣ. ಇದರಲ್ಲಿ ಲಂಡನ್ ಎಲ್ಲಿದೆ?

ದುಬ್ವಾ ಹೆಸರೆತ್ತಿದೆ ಅಂತ ಇನ್ನೊಂದು, ಯಾರೂ ಕೇಳದಿದ್ದರೂ. ಹಾಸನದ ಹತ್ತಿರ ಹೇಮಾವತಿ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಮುಳುಗುವ ಚರ್ಚ್ ಇದೆಯಲ್ಲ, ವಾಟ್ಸಾಪಿನಲ್ಲಿ ಓಡಾಡುವ ಫೋಟೊ. ಅದನ್ನೂ ದುಬ್ವಾ ಕಟ್ಟಿಸಿದರು ಅಂತ ಕೆಳಗೆ ಬರೆದಿರುತ್ತಾರೆ. ಫ್ರೆಂಚ್ ಪಾದ್ರಿಗಳದ್ದು ಹೌದು, ಆದರೆ 1860ರ ದಶಕದ್ದು. ದುಬ್ವಾ 1823ರಲ್ಲೇ ಇಂಡಿಯಾ ಬಿಟ್ಟರು, 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಅಲ್ಲಿಗೂ ಹೋಗುವ ಮನಸ್ಸಿದ್ದರೆ ಬೇಸಿಗೆಯಲ್ಲಿ ಹೋಗಿ, ಗೋಡೆಯ ಬುಡದವರೆಗೆ ನಡೆದು ನೋಡಬಹುದು. ಮಳೆಗಾಲದಲ್ಲಿ ದಡದಿಂದಲೇ ಕೈಮುಗಿಯಬೇಕು.