ಫ್ಲೈ ನೀರಿನ ವೇಗದಲ್ಲೇ ತೇಲಬೇಕು: ತೀರ್ಥನ್ ನದಿಯ ಟ್ರೌಟ್ ಟಿಪ್ಪಣಿ

ತೀರ್ಥನ್ ಹಿಮಾಚಲದ ಕುಲ್ಲು ಜಿಲ್ಲೆಯ ನದಿ. ಅಲ್ಲಿ ಫ್ಲೈ, ಅಂದರೆ ಹುಳದಂತೆ ಕಾಣಲು ಗರಿ, ದಾರ ಸುತ್ತಿದ ಕೊಕ್ಕೆ, ಎಸೆದು ಟ್ರೌಟ್ ಮೀನು ಹಿಡಿಯುವ ಬಗೆಗಿನ ಟಿಪ್ಪಣಿ ಇದು. ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಎತ್ತರದಲ್ಲಿ ಹುಟ್ಟಿ, ಗುಶೈನಿ, ಬಂಜಾರ್ ಕಡೆಯಿಂದ ಇಳಿದು ಲಾರ್ಜಿಯ ಹತ್ತಿರ ಬಿಯಾಸ್ ಸೇರುತ್ತದೆ. ಇಲ್ಲಿನ ಬ್ರೌನ್ ಟ್ರೌಟ್ ಮೂಲತಃ ಯುರೋಪಿನ ಮೀನು. ಕಳೆದ ಶತಮಾನದ ಆರಂಭದಲ್ಲಿ ಬ್ರಿಟಿಷರು ತಂದು ಬಿಟ್ಟದ್ದು ಇಲ್ಲಿ ನೆಲೆ ನಿಂತಿದೆ. ಟ್ರೌಟಿಗೆ 10ರಿಂದ 16 ಡಿಗ್ರಿ ಸೆಲ್ಸಿಯಸ್ ನೀರು ಹಿತ. 20 ದಾಟಿದರೆ ನೀರಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನು ಬಳಲುತ್ತದೆ. ನಮ್ಮ ಕಾವೇರಿ, ತುಂಗೆಗಳಲ್ಲಿ ಟ್ರೌಟ್ ಬಾಳದಿರುವುದಕ್ಕೆ ಮುಖ್ಯ ಕಾರಣ ಈ ಬಿಸಿಯೇ.

ಮೀನುಗಾರಿಕೆ ಇಲಾಖೆಯ ಪರವಾನಗಿ ಕಡ್ಡಾಯ. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಮೀನು ಮೊಟ್ಟೆಯಿಡುವ ಕಾಲ, ಗಾಳ ಹಾಕುವಂತಿಲ್ಲ. ಮಾರ್ಚ್, ಏಪ್ರಿಲ್ ಮತ್ತು ಮಳೆ ಹಿಂದೆಗೆದ ಮೇಲಿನ ಅಕ್ಟೋಬರ್ ಒಳ್ಳೆಯ ತಿಂಗಳುಗಳು. ಮಾರ್ಚಿನಲ್ಲಿ ಬೆಳಗ್ಗೆ ನೀರು ಕೊರೆಯುತ್ತಿರುತ್ತದೆ, ಹುಳಗಳೂ ಏಳುವುದಿಲ್ಲ. ಹನ್ನೊಂದರಿಂದ ಮೂರರ ನಡುವಿನ ಹೊತ್ತೇ ಸರಿ. ಮೇ ಹೊತ್ತಿಗೆ ಲೆಕ್ಕ ಬದಲಾಗುತ್ತದೆ: ಮಧ್ಯಾಹ್ನ ಹಿಮ ಕರಗಿದ ನೀರು ಬಂದು ಹೊಳೆ ಏರಿ ಕದಡುತ್ತದೆ, ಆದ್ದರಿಂದ ಬೆಳಗ್ಗೆಯೇ ಮುಗಿಸಬೇಕು. ನೀರಿಗಿಳಿಯುವ ಮುನ್ನ ದಡದ ಒಂದು ಕಲ್ಲಿನ ಮೇಲೆ ನೀರು ಎಲ್ಲಿಯವರೆಗೆ ಇದೆ ಎಂದು ಗುರುತಿಟ್ಟುಕೊಳ್ಳಿ. ಆ ಗುರುತು ಮುಳುಗಿತೆಂದರೆ ಮೀನು ಕಚ್ಚುತ್ತಿದ್ದರೂ ಹೊರಗೆ ಬರಬೇಕು.

ಸಲಕರಣೆ, ಸಂಕ್ಷೇಪವಾಗಿ

ಎಂಟೂವರೆ ಅಥವಾ ಒಂಬತ್ತು ಅಡಿಯ 4 ಇಲ್ಲವೇ 5 ವೇಟ್ (ಲೈನಿನ ತೂಕ ಹೇಳುವ ನಂಬರು) ರಾಡ್, ಅದೇ ನಂಬರಿನ ತೇಲುವ ಲೈನ್, 9 ಅಡಿಯ ಲೀಡರ್, ಅಂದರೆ ಲೈನಿಗೂ ಫ್ಲೈಗೂ ನಡುವಿನ ತೆಳು ಎಳೆ. ಎರೆಹುಳ ಕಟ್ಟಿ ಗಾಳ ಹಾಕಿದವರಿಗೆ ಒಂದು ವ್ಯತ್ಯಾಸ ಮೊದಲೇ ಗೊತ್ತಿರಲಿ. ಅಲ್ಲಿ ಸೀಸದ ಗುಂಡಿನ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಫ್ಲೈಗೆ ತೂಕವೇ ಇಲ್ಲ, ಎಸೆಯುವುದು ಲೈನಿನ ತೂಕವನ್ನು. 5 ವೇಟ್ ಲೈನಿನ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ, ರಾಡ್ ಬಾಗುವುದು ಆ ತೂಕಕ್ಕೆ. ಅದಕ್ಕೇ ಹಿಂದಕ್ಕೆ ಎಸೆದಾಗ ಲೈನ್ ಪೂರ್ತಿ ನೆಟ್ಟಗಾಗುವವರೆಗೆ ಕಾಯಬೇಕು. ಕಾಯದೆ ಮುಂದಕ್ಕೆ ತಂದರೆ ಚಾಟಿಯಂತೆ ಚಟ್ಟೆಂದು ಫ್ಲೈ ಕಿತ್ತುಹೋಗುತ್ತದೆ. ತೀರ್ಥನ್ ದಡದಲ್ಲಿ ಬೆನ್ನ ಹಿಂದೆ ಮರ, ಬಂಡೆ ಇರುವುದೇ ಹೆಚ್ಚು. ಆದ್ದರಿಂದ ಲೈನನ್ನು ಹಿಂದಕ್ಕೆ ಹಾರಿಸದೆ ನೀರಿನ ಮೇಲಿಂದಲೇ ಉರುಳಿಸಿ ಬಿಡುವ ರೋಲ್ ಕ್ಯಾಸ್ಟ್ ಮೊದಲೇ ಕಲಿತಿರುವುದು ಲೇಸು.

ಲೀಡರಿನ ತುದಿಯ ಸಣ್ಣ ಎಳೆ ಟಿಪ್ಪೆಟ್. ಅದರ ದಪ್ಪವನ್ನು ಎಕ್ಸ್ ಸಂಖ್ಯೆಯಲ್ಲಿ ಹೇಳುತ್ತಾರೆ, ಸಂಖ್ಯೆ ಏರಿದಷ್ಟೂ ಎಳೆ ತೆಳು. ಎರಡು ಸುಲಭ ಲೆಕ್ಕಗಳಿವೆ. ಒಂದು, 11ರಿಂದ ಎಕ್ಸ್ ಸಂಖ್ಯೆ ಕಳೆದರೆ ಇಂಚಿನ ಸಾವಿರದ ಭಾಗದಲ್ಲಿ ದಪ್ಪ ಸಿಗುತ್ತದೆ. 5ಎಕ್ಸ್ ಅಂದರೆ 11 ಕಳೆ 5, ಅಂದರೆ ಸಾವಿರದ 6 ಭಾಗ, ಸುಮಾರು 0.15 ಮಿಲಿಮೀಟರ್. ಎರಡು, ಕೊಕ್ಕೆಯ ನಂಬರನ್ನು (ನಂಬರು ಏರಿದಷ್ಟೂ ಕೊಕ್ಕೆ ಸಣ್ಣದು) 3ರಿಂದ ಭಾಗಿಸಿದರೆ ಬೇಕಾದ ಎಕ್ಸ್ ಸಿಗುತ್ತದೆ. 14ನೇ ನಂಬರಿಗೆ 4.7, ಅಂದರೆ 5ಎಕ್ಸ್, 12ಕ್ಕೆ 4ಎಕ್ಸ್. ಗಾಳಿ ಹೆಚ್ಚಿದ್ದರೆ ಅಥವಾ ಫ್ಲೈ ಭಾರವಿದ್ದರೆ 4ರಿಂದ ಭಾಗಿಸಿ. ಸಣ್ಣ ಫ್ಲೈಗೆ ದಪ್ಪ ಎಳೆ ಕಟ್ಟಿದರೆ ಏನಾಗುತ್ತದೆ? ಎಳೆಯ ಬಿರುಸಿಗೆ ಫ್ಲೈ ತನ್ನಿಷ್ಟಕ್ಕೆ ತೇಲಲಾರದು. ದೊಡ್ಡ ಫ್ಲೈಗೆ ತೀರಾ ತೆಳು ಎಳೆ ಕಟ್ಟಿದರೆ ಗಾಳಿಯಲ್ಲಿ ತಿರುಚಿಕೊಂಡು ಸಿಕ್ಕಾಗುತ್ತದೆ. ಗಂಟು ಬಿಗಿಯುವ ಮುನ್ನ ಉಗುಳಿನಿಂದ ಒದ್ದೆ ಮಾಡಿ. ಒಣಗಂಟು ಉಜ್ಜಿದ ಬಿಸಿಗೆ ನೈಲಾನ್ ಸೊರಗಿ, ಮೀನು ಎಳೆದಾಗ ಅಲ್ಲೇ ತುಂಡಾಗುತ್ತದೆ.

ಮೀನು ಎಲ್ಲಿ, ನೀವು ಎಲ್ಲಿ

ಟ್ರೌಟ್ ಸೆಳವಿಗೆ ಮೂತಿ ಕೊಟ್ಟು ನಿಲ್ಲುತ್ತದೆ. ಅದಕ್ಕೆ ಬೇಕಾದ್ದು ಈಜುವ ಶ್ರಮ ಕಡಿಮೆಯಿರುವ, ಪಕ್ಕದಲ್ಲೇ ಆಹಾರ ಹರಿದು ಬರುವ ಜಾಗ. ಹಾಗಾಗಿ ರಭಸದ ನೀರೂ ನಿಧಾನದ ನೀರೂ ಕೂಡುವ ಅಂಚು ನೋಡಿ. ನೊರೆಯ ಗೆರೆ ಎಲ್ಲಿ ಹೋಗುತ್ತದೋ ಹುಳವೂ ಅಲ್ಲೇ ಹೋಗುತ್ತದೆ. ಬಂಡೆಯ ಹಿಂದಿನ ನಿಂತ ನೀರನ್ನು ಎಲ್ಲರೂ ಗಮನಿಸುತ್ತಾರೆ, ಬಂಡೆಯ ಮುಂದಿನ ಮೆತ್ತನೆ ಜಾಗವನ್ನು ಬಿಟ್ಟುಬಿಡುತ್ತಾರೆ. ನೀರು ಬಂಡೆಗೆ ತಾಗಿ ಹಿಂದಕ್ಕೆ ಒತ್ತುವುದರಿಂದ ಅಲ್ಲೂ ಸೆಳವು ತಗ್ಗಿರುತ್ತದೆ, ಒಳ್ಳೆಯ ಮೀನು ಎಷ್ಟೋ ಸಲ ಅಲ್ಲೇ ಇರುತ್ತದೆ. ಮಡುವಿನಲ್ಲಿ ತಲೆಭಾಗ ಮತ್ತು ಬಾಲಭಾಗ ಮುಖ್ಯ, ನಡುವಿನ ಆಳ ಆಮೇಲೆ.

ಕೆಳಗಿನಿಂದ ನೀರಿನ ವಿರುದ್ಧ ದಿಕ್ಕಿಗೆ ನಡೆಯಬೇಕು, ಆಗ ಮೀನಿನ ಬೆನ್ನ ಹಿಂದಿರುತ್ತೀರಿ. ಬೆಳಕು ನೀರಿನ ಮೇಲ್ಮೈಯಲ್ಲಿ ಬಾಗುವುದರಿಂದ ಮೀನಿಗೆ ಹೊರಜಗತ್ತು ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ಆ ಕಿಟಕಿಯ ಅಗಲ ಮೀನಿರುವ ಆಳದ ಸುಮಾರು ಎರಡೂಕಾಲು ಪಟ್ಟು. 60 ಸೆಂಟಿಮೀಟರ್ ಆಳದ ಮೀನಿಗೆ ಕಿಟಕಿ ಹೆಚ್ಚುಕಡಿಮೆ 135 ಸೆಂಟಿಮೀಟರ್. ಅದರ ಅಂಚಿನಲ್ಲಿ, ನೀರಿನ ಮಟ್ಟದಿಂದ ಹತ್ತು ಡಿಗ್ರಿ ಕೋನಕ್ಕಿಂತ ತಗ್ಗಾಗಿರುವುದೆಲ್ಲ ಅಪ್ಪಚ್ಚಿಯಾಗಿ ಮಸುಕಾಗಿರುತ್ತದೆ. ಲೆಕ್ಕ ಹಾಕಿದರೆ 6 ಮೀಟರ್ ದೂರದಲ್ಲಿ ಒಂದು ಮೀಟರಿಗಿಂತ ತಗ್ಗಾಗಿ ಕುಳಿತವರು ಬಹುತೇಕ ಕಾಣುವುದಿಲ್ಲ, ನಿಂತವರು ಚೆನ್ನಾಗಿ ಕಾಣುತ್ತಾರೆ. ಮಂಡಿಯೂರಿ ಹತ್ತಿರ ಹೋಗುವುದು ನಿಂತು ದೂರ ಎಸೆಯುವುದಕ್ಕಿಂತ ಮೇಲು ಅನ್ನುವುದು ಇದಕ್ಕೇ.

ಡ್ರ್ಯಾಗ್: ಇಡೀ ದಿನ ನಿಂತಿರುವುದು ಇದರ ಮೇಲೆ

ನಿಜವಾದ ಹುಳ ನೀರಿನ ವೇಗದಲ್ಲೇ ಹೋಗುತ್ತದೆ. ನಮ್ಮ ಫ್ಲೈ ಲೈನಿಗೆ ಕಟ್ಟಿಕೊಂಡಿದೆ, ಲೈನ್ ಬೇರೆ ವೇಗದ ನೀರಿನ ಮೇಲೆ ಬಿದ್ದಿದೆ. ಲೈನ್ ಬಿಗಿಯಾದ ಕ್ಷಣ ಫ್ಲೈ ನೀರಿಗಿಂತ ಜೋರಾಗಿಯೋ ನಿಧಾನವಾಗಿಯೋ ಅಡ್ಡಡ್ಡವಾಗಿಯೋ ಸರಿಯುತ್ತದೆ. ಇದೇ ಡ್ರ್ಯಾಗ್. ಇದನ್ನು ಕಂಡ ಬ್ರೌನ್ ಟ್ರೌಟ್ ಮುಟ್ಟುವುದಿಲ್ಲ, ಎರಡು ಮೂರು ಸಲ ಕಂಡರೆ ಜಾಗ ಬಿಟ್ಟೇ ಹೋಗುತ್ತದೆ. ಫ್ಲೈಯ ಬಣ್ಣ ಸರಿಯಿಲ್ಲವೇನೋ ಎಂದು ಡಬ್ಬಿ ತೆಗೆದು ಫ್ಲೈ ಮೇಲೆ ಫ್ಲೈ ಬದಲಿಸುತ್ತಾ ಕೂರುವುದು ಹೊಸಬರ ಅಭ್ಯಾಸ. ಹೆಚ್ಚಿನ ಸಂದರ್ಭದಲ್ಲಿ ಫ್ಲೈ ಸರಿಯಾಗಿಯೇ ಇರುತ್ತದೆ, ತೇಲುವ ರೀತಿ ತಪ್ಪಿರುತ್ತದೆ.

ಇದಕ್ಕೆ ಪರಿಹಾರ ಮೆಂಡ್, ಅಂದರೆ ಬಿದ್ದ ಲೈನಿನ ನಡುಭಾಗವನ್ನು (ಲೈನಿನ ಹೊಟ್ಟೆಯನ್ನು) ಎತ್ತಿ ಇನ್ನೊಂದು ಬದಿಗೆ ಇಡುವುದು. ಯಾವ ಬದಿಗೆ ಎಂಬಲ್ಲೇ ಗೊಂದಲ. 'ಯಾವಾಗಲೂ ಮೇಲ್ನೀರಿನ ಕಡೆಗೆ' ಎಂದು ಬಾಯಿಪಾಠ ಮಾಡಿದವರು ಅರ್ಧ ಹೊಳೆಯಲ್ಲಿ ತಪ್ಪು ಮಾಡುತ್ತಾರೆ. ಹೊಳೆ ನಿಮ್ಮ ಎಡದಿಂದ ಬಲಕ್ಕೆ ಹರಿಯುತ್ತಿದೆ ಎಂದುಕೊಳ್ಳಿ.

ಮೊದಲ ಸ್ಥಿತಿ: ನಿಮ್ಮ ಮುಂದೆ ರಭಸದ ನೀರು, ಅದರಾಚೆ ನಿಧಾನದ ನೀರಿನಲ್ಲಿ ಫ್ಲೈ. ಲೈನಿನ ಹೊಟ್ಟೆ ಫ್ಲೈಯನ್ನು ಹಿಂದೆ ಹಾಕಿ ಬಲಕ್ಕೆ ಓಡುತ್ತದೆ, ಫ್ಲೈಯನ್ನೂ ಎಳೆದೊಯ್ಯುತ್ತದೆ. ಇಲ್ಲಿ ಮೆಂಡ್ ಎಡಕ್ಕೆ, ಮೇಲ್ನೀರಿಗೆ.

ಎರಡನೆಯದು: ನಿಮ್ಮ ಮುಂದೆ ನಿಧಾನದ ನೀರು, ಆಚೆ ರಭಸದಲ್ಲಿ ಫ್ಲೈ. ಈಗ ಫ್ಲೈ ಮುಂದೆ ಓಡುತ್ತದೆ, ಲೈನ್ ಹಿಂದೆ ಉಳಿದು ಲಗಾಮು ಹಾಕುತ್ತದೆ. ಇಲ್ಲಿ ಮೆಂಡ್ ಬಲಕ್ಕೆ, ಕೆಳನೀರಿಗೆ. ಇಲ್ಲೂ ಎಡಕ್ಕೆ ಹಾಕಿದರೆ ಮೊದಲೇ ಹಿಂದುಳಿದ ಲೈನ್ ಇನ್ನಷ್ಟು ಹಿಂದೆ ಬಿದ್ದು, ಫ್ಲೈ ಕೂಡಲೇ ಗಕ್ಕನೆ ನಿಲ್ಲುತ್ತದೆ.

ಬಾಯಿಪಾಠ ಬೇಕೇ ಬೇಕೆಂದರೆ ಇದನ್ನು ಮಾಡಿ: ನಡುವಿನ ನೀರು ಫ್ಲೈಗಿಂತ ಜೋರಿದ್ದರೆ ಮೇಲಕ್ಕೆ, ನಿಧಾನವಿದ್ದರೆ ಕೆಳಕ್ಕೆ. ಎಸೆಯುವ ಮುನ್ನವೇ ಎರಡೂ ನೀರಿನ ಮೇಲಿನ ನೊರೆಗುಳ್ಳೆಗಳನ್ನು ಹೋಲಿಸಿ ದಿಕ್ಕು ನಿಶ್ಚಯಿಸಿಕೊಳ್ಳಬೇಕು. ಲೈನ್ ಬಿದ್ದ ಮೇಲೆ ಯೋಚಿಸಿದರೆ ತಡವಾಗುತ್ತದೆ.

ಎಷ್ಟು ಮೆಂಡ್ ಎಂಬುದಕ್ಕೂ ಲೆಕ್ಕವಿದೆ. ನಡುವಿನ ನೀರು ಸೆಕೆಂಡಿಗೆ 1 ಮೀಟರ್, ಫ್ಲೈ ಇರುವ ನೀರು 0.3 ಮೀಟರ್ ಎನ್ನೋಣ. ವ್ಯತ್ಯಾಸ 0.7. ಲೈನಿನ ಹೊಟ್ಟೆಯನ್ನು 1 ಮೀಟರ್ ಮೇಲಕ್ಕೆ ಇಟ್ಟರೆ ಅದು ಮತ್ತೆ ನೇರವಾಗಲು ಸುಮಾರು 1.4 ಸೆಕೆಂಡ್ ಬೇಕು. ಆದರೆ ನೇರವಾದ ಕೂಡಲೇ ಡ್ರ್ಯಾಗ್ ಶುರುವಾಗುವುದಿಲ್ಲ. ಮೇಲಕ್ಕಿದ್ದಷ್ಟೇ ಸಡಿಲು ಕೆಳಗೂ ಸಿಗುತ್ತದೆ, ಹೊಟ್ಟೆ 1 ಮೀಟರ್ ಕೆಳಕ್ಕೆ ಬಾಗುವ ತನಕ ಇನ್ನೂ 1.4 ಸೆಕೆಂಡ್. ಒಟ್ಟು 2.8 ಸೆಕೆಂಡ್, ಅಷ್ಟರಲ್ಲಿ ಫ್ಲೈ ಸುಮಾರು 85 ಸೆಂಟಿಮೀಟರ್ ಸ್ವಚ್ಛವಾಗಿ ತೇಲುತ್ತದೆ. ಮೀನಿಗಿಂತ 50-60 ಸೆಂಟಿಮೀಟರ್ ಮೇಲ್ನೀರಿನಲ್ಲಿ ಫ್ಲೈ ಇಳಿಸಿದ್ದರೆ ಇಷ್ಟು ಧಾರಾಳ ಸಾಕು. ಹತ್ತು ಮೀಟರ್ ತೇಲಿಸುವ ಹಟ ಯಾಕೆ? ಒಂದು ಮೀಟರ್ ಸರಿಯಾಗಿ ತೇಲಿಸಿ, ಎತ್ತಿ, ಮತ್ತೆ ಹಾಕಿ.

ಕೈಯ ಚಲನೆ ಹೀಗೆ. ಫ್ಲೈ ನೀರು ಮುಟ್ಟಿದ ತಕ್ಷಣ, ಲೈನ್ ಬಿಗಿಯುವ ಮೊದಲೇ, ರಾಡಿನ ತುದಿಯನ್ನು ಮೊದಲು ಮೇಲೆತ್ತಿ ಲೈನನ್ನು ನೀರಿನಿಂದ ಬಿಡಿಸಬೇಕು. ಆಮೇಲೆ ತುದಿಯಿಂದ ಅರ್ಧವೃತ್ತ ಬರೆದಂತೆ ಆ ಬದಿಗೆ ಇಳಿಸಬೇಕು. ಎತ್ತದೆ ಬರೀ ಪಕ್ಕಕ್ಕೆ ಬೀಸಿದರೆ ಲೈನ್ ನೀರನ್ನು ಸೀಳಿಕೊಂಡು ಫ್ಲೈಯನ್ನೇ ಜಗ್ಗುತ್ತದೆ. ಡ್ರ್ಯಾಗ್ ತಪ್ಪಿಸಲು ಹೋಗಿ ನಾವೇ ಡ್ರ್ಯಾಗ್ ಉಂಟುಮಾಡಿದಂತಾಯಿತು. ಎತ್ತಬೇಕಾದ್ದು ಲೈನ್ ಮಾತ್ರ, ಲೀಡರ್ ಮಿಸುಕಬಾರದು.

ಇನ್ನೂ ಒಳ್ಳೆಯದು ಮೆಂಡನ್ನು ಗಾಳಿಯಲ್ಲೇ ಮಾಡಿಬಿಡುವುದು. ಮುಂದಕ್ಕೆ ಎಸೆದು ರಾಡ್ ನಿಲ್ಲಿಸಿದ ಮೇಲೆ, ಲೈನ್ ಇನ್ನೂ ಬಿಚ್ಚಿಕೊಳ್ಳುತ್ತಿರುವಾಗ, ತೋಳು ಚಾಚಿ ರಾಡನ್ನು ಬೇಕಾದ ಬದಿಗೆ ವಾಲಿಸಿ. ಇದು ರೀಚ್ ಕ್ಯಾಸ್ಟ್. ಲೈನ್ ಬೀಳುವಾಗಲೇ ಓರೆಯಾಗಿ ಬೀಳುತ್ತದೆ, ಫ್ಲೈ ಮಾತ್ರ ಗುರಿಯಲ್ಲೇ ಇರುತ್ತದೆ. ವಾಲಿಸುವಾಗ ಎಡಗೈಯಿಂದ ಒಂದೆರಡು ಮೀಟರ್ ಲೈನ್ ಜಾರಿಸಿ ಕೊಡಬೇಕು. ಕೊಡದಿದ್ದರೆ ಫ್ಲೈ ಗುರಿಗಿಂತ ಈಚೆಗೆ ಬೀಳುತ್ತದೆ.

ಬಂಡೆಗಳ ನಡುವೆ ಮೂರು ನಾಲ್ಕು ವೇಗದ ನೀರು ಪಕ್ಕಪಕ್ಕದಲ್ಲಿದ್ದರೆ ಯಾವ ಮೆಂಡೂ ನಿಲ್ಲುವುದಿಲ್ಲ. ತೀರ್ಥನ್‌ನ ಮೇಲ್ಭಾಗವೆಲ್ಲ ಹೀಗೆಯೇ. ಅಲ್ಲಿ 4-5 ಮೀಟರಿನೊಳಗೆ ಹೋಗಿ, ರಾಡ್ ಎತ್ತಿ ಹಿಡಿದು, ಲೈನನ್ನು ನೀರಿಗೆ ತಾಗಿಸದೆ ಲೀಡರ್ ಮಾತ್ರ ಬಿಡಿ.

ಕಣ್ಣಿಗೆ ಕಾಣದ ಸಣ್ಣ ಡ್ರ್ಯಾಗ್ ಕೂಡ ಇದೆ. ಪರೀಕ್ಷೆ ಸುಲಭ: ಫ್ಲೈಯ ಪಕ್ಕದ ಒಂದು ನೊರೆಗುಳ್ಳೆಯನ್ನು ಆರಿಸಿಕೊಂಡು, ಎರಡರ ನಡುವಿನ ಅಂತರ ಕೊನೆಯವರೆಗೆ ಬದಲಾಗದೆ ಉಳಿಯುತ್ತದೆಯೇ ನೋಡಿ. ಬದಲಾದರೆ ಟಿಪ್ಪೆಟ್ಟನ್ನು 60 ಸೆಂಟಿಮೀಟರಿನಿಂದ 90ಕ್ಕೆ ಉದ್ದ ಮಾಡಿ. ಆಗಲೂ ಹೋಗದಿದ್ದರೆ ಒಂದು ಎಕ್ಸ್ ತೆಳ್ಳಗೆ ಮಾಡಿ. ಉದ್ದ ಮೊದಲು, ತೆಳು ಆಮೇಲೆ, ಯಾಕೆಂದರೆ ತೆಳು ಮಾಡಿದರೆ ಶಕ್ತಿ ಕಳೆದುಕೊಳ್ಳುತ್ತೀರಿ.

ನೀರಿನ ಒಳಗೆ

ಟ್ರೌಟ್ ಬಹುಪಾಲು ತಿನ್ನುವುದು ತಳದಲ್ಲಿ. ಮೇಲೆ ಮೀನು ಏಳುವುದು ಕಾಣದಿದ್ದರೆ ನಿಂಫ್, ಅಂದರೆ ನೀರೊಳಗಿನ ಮರಿಹುಳದಂತೆ ಕಟ್ಟಿದ ಮುಳುಗುವ ಫ್ಲೈ, ಕಟ್ಟಿ: ಮಣಿ ಹಾಕಿದ ಫೆಸೆಂಟ್ ಟೇಲ್ ಅಥವಾ ಹೇರ್ಸ್ ಇಯರ್ ಎಂಬ ಬಗೆ, 14 ಇಲ್ಲವೇ 16ನೇ ನಂಬರು. ಮೇಲೆ ಬೆಂಡಿನಂತೆ ಇಂಡಿಕೇಟರ್ ಕಟ್ಟುವುದಾದರೆ ನೀರಿನ ಆಳದ ಒಂದೂವರೆ ಪಟ್ಟು ಅಂತರ ಬಿಡಿ. ತಳದ ನೀರು ಮೇಲ್ಮೈ ನೀರಿಗಿಂತ ನಿಧಾನ. ಆದ್ದರಿಂದ ಇಂಡಿಕೇಟರ್ ಸುತ್ತಲಿನ ಗುಳ್ಳೆಗಳಿಗಿಂತ ತುಸು ಹಿಂದೆ ಬೀಳುತ್ತಿದ್ದರೆ ನಿಂಫ್ ಸರಿಯಾದ ಆಳದಲ್ಲಿದೆ ಎಂದರ್ಥ. ಗುಳ್ಳೆಗಳ ಜೊತೆಗೇ ಓಡಿದರೆ ನಿಂಫ್ ಇನ್ನೂ ಮೇಲಿದೆ, ಅಂತರ ಹೆಚ್ಚಿಸಿ ಇಲ್ಲವೇ ಭಾರದ ಮಣಿಯದು ಕಟ್ಟಿ. ಒಮ್ಮೆಯೂ ಕಲ್ಲಿಗೆ ತಾಗದ ನಿಂಫ್ ಮೀನಿಗೂ ಸಿಗುವುದು ಅಪರೂಪ.

ಕಚ್ಚಿದಾಗ

ಎರೆಹುಳವಾದರೆ ಮೀನು ನುಂಗುತ್ತದೆ, ಕಾಯಬಹುದು. ಫ್ಲೈಯನ್ನು ಬಾಯಿಗೆ ಹಾಕಿಕೊಂಡು ಸುಳ್ಳೆಂದು ತಿಳಿದ ಕೂಡಲೇ ಉಗಿದುಬಿಡುತ್ತದೆ. ನಿಂಫ್ ಆದರೆ ಇಂಡಿಕೇಟರ್ ತಡೆದ ಕ್ಷಣವೇ ರಾಡ್ ಎತ್ತಿ. ಮೇಲೆ ತೇಲುವ ಫ್ಲೈಗೆ ಮಾತ್ರ, ಮೀನು ಬಾಯಿ ಮುಚ್ಚಿ ತಲೆ ಕೆಳಗೆ ತಿರುಗಿಸಿದ ಮೇಲೆ ಎತ್ತಿ. ನೀರು ಚಿಮ್ಮಿದ್ದಕ್ಕೇ ಎತ್ತಿದರೆ ತೆರೆದ ಬಾಯಿಂದ ಫ್ಲೈ ಹೊರಬರುತ್ತದೆ. ಜಗ್ಗುವುದು ಬೇಡ, ಸಡಿಲು ಹೋಗುವಷ್ಟು ಎತ್ತಿದರೆ ಸಾಕು. ಮೀನು ಓಡಿದರೆ ಲೈನ್ ಬಿಡಿ, ನಿಂತರೆ ರಾಡನ್ನು ಪಕ್ಕಕ್ಕೆ ವಾಲಿಸಿ ಬದಿಯಿಂದ ಒತ್ತಡ ಕೊಡಿ. ನೇರ ಮೇಲಕ್ಕೆ ಎಳೆಯುವುದಕ್ಕಿಂತ ಬೇಗ ಸೋಲುತ್ತದೆ.

ಬಿಡುವ ಮೀನಾದರೆ ಹೆಚ್ಚು ಆಡಿಸಬಾರದು. ಮುಳ್ಳಿಲ್ಲದ ಕೊಕ್ಕೆ, ಅಥವಾ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದು. ಗಂಟಿಲ್ಲದ ರಬ್ಬರ್ ಬಲೆ. ಮುಟ್ಟುವ ಮುನ್ನ ಕೈ ಒದ್ದೆಯಾಗಿರಲಿ: ಒಣಗೈ ಮೈಮೇಲಿನ ಲೋಳೆಯನ್ನು ಒರೆಸಿದರೆ ಆ ಜಾಗಕ್ಕೆ ಬೂಷ್ಟು ಹತ್ತುತ್ತದೆ. ಕೊಕ್ಕೆಯನ್ನು ನೀರಿನೊಳಗೇ ಬಿಡಿಸಿ, ಕಿವಿರಿಗೆ ಬೆರಳು ಹಾಕಬೇಡಿ. ಬಳಲಿದ್ದರೆ ನಿಧಾನದ ನೀರಿನಲ್ಲಿ ಮೂತಿಯನ್ನು ಸೆಳವಿಗೆ ಕೊಟ್ಟು ಹಿಡಿದುಕೊಂಡಿರಿ. ಹಿಂದೆ ಮುಂದೆ ಆಡಿಸುವುದು ತಪ್ಪು, ಹಿಂದಕ್ಕೆ ಎಳೆದಾಗ ನೀರು ಕಿವಿರಿನಲ್ಲಿ ಉಲ್ಟಾ ಹರಿಯುತ್ತದೆ.

ಮೀನು ಹೋದ ಮೇಲೆ ಟಿಪ್ಪೆಟ್ಟಿನ ಕೊನೆಯ ಒಂದಡಿಯನ್ನು ಉಗುರಿನಿಂದ ಸವರಿ ನೋಡಿ. ಒರಟು ತಾಗಿದರೆ ಅಥವಾ ಗಾಳಿಗೆ ಬಿದ್ದ ಸಣ್ಣ ಗಂಟು ಸಿಕ್ಕರೆ ಕತ್ತರಿಸಿ ಹೊಸದಾಗಿ ಕಟ್ಟಿ. ಅಂಥ ಒಂದು ಗಂಟು ಎಳೆಯ ಶಕ್ತಿಯನ್ನು ಅರ್ಧದಷ್ಟು ಇಳಿಸಬಲ್ಲದು. ಕೊಕ್ಕೆಯ ತುದಿಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆಯಿರಿ. ಕಚ್ಚಿಕೊಳ್ಳದೆ ಜಾರಿದರೆ ಕಲ್ಲಿಗೆ ತಾಗಿ ಮೊಂಡಾಗಿದೆ, ಫ್ಲೈ ಬದಲಿಸಿ.