ಇಂಟರಾಪರಬಿಲಿಟಿ ಅಂದರೆ ಒಟ್ಟು ಸೇರಿಸುವುದಲ್ಲ

ಕಳೆದ ವಾರ ಕಾಸರಗೋಡಿನ ಒಂದು ತರಬೇತಿಯಲ್ಲಿ ಹಂಚಿದ ಕನ್ನಡ ಕೈಪಿಡಿ ನನ್ನ ಕೈಗೆ ಬಂತು. ‘ಇಂಟರಾಪರಬಿಲಿಟಿ ಅಂದರೆ ಬೇರೆ ಬೇರೆ ದೇಶಗಳ ಸರಕಾರಿ ದಾಖಲೆಗಳನ್ನು ಒಂದೇ ಕಡೆ ಸೇರಿಸುವುದು’ ಅಂತ ಅದರಲ್ಲಿತ್ತು. ಈ ವರ್ಷ ಇದೇ ಅರ್ಥವನ್ನು ಓದಿದ್ದು ಇದು ಮೂರನೇ ಸಲ. ಇನ್ನು ಸುಮ್ನೆ ಕೂರಲು ಆಗುವುದಿಲ್ಲ.

ಸೇರಿಸದೆಯೇ ಕೆಲಸ ಆಗಬೇಕು ಎಂಬುದೇ ಈ ಪದದ ಜೀವ. ದಾಖಲೆ ಅವರವರ ಬಳಿಯೇ ಇರುತ್ತದೆ. ಸಾಫ್ಟ್‌ವೇರ್ ಕೂಡ ಅವರವರದ್ದೇ. ಆದರೂ ಒಂದು ದೇಶದ ಕಚೇರಿ ಕೇಳಿದ್ದು ಇನ್ನೊಂದು ದೇಶದ ಕಚೇರಿಗೆ ಸರಿಯಾಗಿ ಅರ್ಥವಾಗಿ, ಉತ್ತರ ಬರಬೇಕು.

ತಪ್ಪಿಗೆ ಅರ್ಧ ಕಾರಣ ನಾವು ಕೊಟ್ಟ ಕನ್ನಡ ಹೆಸರು. ‘ಅಂತರ ಕಾರ್ಯಸಾಧ್ಯತೆ’ ಎಂದು ಬರೆಯುತ್ತಾರೆ. ‘ಅಂತರ’ ಅಂದರೆ ನಮಗೆ ಕಿವಿಗೆ ಬೀಳುವುದು ದೂರ. ‘ಅಂತರ ಕಾಪಾಡಿ’ ಎಂಬ ಬೋರ್ಡುಗಳನ್ನು ಕೊರೊನಾ ಕಾಲದಲ್ಲಿ ಎಷ್ಟು ಓದಿದ್ದೇವೆ, ಅಲ್ವಾ? ಇಲ್ಲಿ ಬೇಕಾದ್ದು ಸಂಸ್ಕೃತದ ‘ಅಂತರ್’. ಅದಕ್ಕೂ ಎರಡು ಅರ್ಥ. ‘ಅಂತರ್ಜಲ’ದಲ್ಲಿ ಅದು ‘ಒಳಗೆ’. ‘ಅಂತಾರಾಷ್ಟ್ರೀಯ’ದಲ್ಲಿ ‘ನಡುವೆ’. (ಆ ‘ತಾ’ ದೀರ್ಘ ಕಣ್ತಪ್ಪಲ್ಲ. ‘ಅಂತರ್’ ಮುಂದೆ ‘ರಾಷ್ಟ್ರ’ ಬಂದಾಗ ಒಂದು ರಕಾರ ಬಿದ್ದು ಹಿಂದಿನ ಸ್ವರ ದೀರ್ಘವಾಗುತ್ತದೆ.) ಲ್ಯಾಟಿನಿನ ‘ಇಂಟರ್’ ಕೂಡ ‘ನಡುವೆ’ಯೇ, ‘ಒಪೆರಾರಿ’ ಅಂದರೆ ಕೆಲಸ ಮಾಡುವುದು. ಕೈಪಿಡಿ ಬರೆದವರು ‘ಒಳಗೆ’ಯನ್ನು ಹಿಡಿದುಕೊಂಡು ಎಲ್ಲವನ್ನೂ ಒಂದರೊಳಗೆ ತುಂಬಿಬಿಟ್ಟರು.

ನಡುವೆ ಕೇಬಲ್ ಎಳೆಯುವುದು ಸುಲಭ. ಅರ್ಥ ಹೊಂದಿಸುವುದು ಕಷ್ಟ. ಇದು ನಮ್ಮೂರಿಂದ ಗಲ್ಫಿಗೆ ಹೋಗುವವರಿಗೆ ಚೆನ್ನಾಗಿ ಗೊತ್ತು. ಕನ್ನಡ ಶಾಲೆಯ ದಾಖಲೆಯಲ್ಲಿ ‘ಸುಬ್ರಹ್ಮಣ್ಯ ಕೆ.’ ಇದ್ದವನು ಮಲಯಾಳದ ಕಾಗದದಲ್ಲಿ ‘ಸುಬ್ರಹ್ಮಣ್ಯನ್’ ಆಗಿರುತ್ತಾನೆ. ಆ ‘ಕೆ’ ಮನೆ ಹೆಸರೋ, ಊರಿನ ಹೆಸರೋ, ಅಪ್ಪನ ಹೆಸರೋ, ಮನೆಯವರನ್ನೇ ಕೇಳಬೇಕು.

ಈಗ ಪಾಸ್‌ಪೋರ್ಟ್ ತೆರೆಯಿರಿ. ಫೋಟೋ ಇರುವ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿವೆ. ಒಂದೊಂದರಲ್ಲೂ 44 ಜಾಗ. ವಿಮಾನಯಾನ ನೋಡಿಕೊಳ್ಳುವ ವಿಶ್ವಸಂಸ್ಥೆಯ ಅಂಗವಾದ ಐಸಿಎಒ ಮಾಡಿದ ನಿಯಮ ಅದು. ಹಾಗಾಗಿ ಯಾವ ದೇಶದ ಕೌಂಟರಿನಲ್ಲಿಟ್ಟರೂ ಮೆಷಿನ್ ಓದುತ್ತದೆ. ಯಾರ ದಾಖಲೆಯೂ ಯಾರ ಜೊತೆಗೂ ಸೇರಿಲ್ಲ. ಇಂಟರಾಪರಬಿಲಿಟಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಓದುವುದು ಬೇರೆ, ಒಪ್ಪುವುದು ಬೇರೆ. ಆ ಸಾಲಿನಲ್ಲಿ ಮೊದಲು ಕುಟುಂಬದ ಹೆಸರು, ಆಮೇಲೆ ಸ್ವಂತ ಹೆಸರು. ಒಂದೇ ಹೆಸರಿನವರು ಏನು ಮಾಡಬೇಕು? 2022ರ ನವೆಂಬರಿನಲ್ಲಿ ಯುಎಇ, ಒಂಟಿ ಹೆಸರಿನ ಪಾಸ್‌ಪೋರ್ಟ್ ಇದ್ದರೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಎಂದಿತು. ಆಮೇಲೆ, ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಕುಟುಂಬದ ಹೆಸರೋ ಇದ್ದರೆ ಆಗುತ್ತದೆ ಎಂದಿತು. ಮೆಷಿನ್ನಿಗೆ ಏನೂ ಆಗಿರಲಿಲ್ಲ. ‘ಹೆಸರು’ ಎಂಬ ಮಾತಿಗೆ ಎರಡು ಕಡೆ ಬೇರೆ ಬೇರೆ ಅರ್ಥ ಇತ್ತು.

ಯುರೋಪಿಯನ್ ಒಕ್ಕೂಟದ ಇಂಟರಾಪರಬಿಲಿಟಿ ಚೌಕಟ್ಟು ಇದಕ್ಕೇ ನಾಲ್ಕು ಪದರ ಇಟ್ಟಿದೆ: ಕಾನೂನು, ಕಚೇರಿಗಳ ಕೆಲಸದ ಕ್ರಮ, ಅರ್ಥ, ತಂತ್ರಜ್ಞಾನ. ನಮ್ಮ ಕೈಪಿಡಿಗಳು ಕೊನೆಯದನ್ನು ಮಾತ್ರ ವಿವರಿಸುತ್ತವೆ.

ಫಿನ್ಲೆಂಡಿನ ಡಾಕ್ಟರು ಕಂಪ್ಯೂಟರಿನಲ್ಲಿ ಬರೆದ ಚೀಟಿಗೆ 2019ರ ಜನವರಿಯಿಂದ ಎಸ್ಟೋನಿಯಾದ ಮೆಡಿಕಲ್ ಶಾಪಿನಲ್ಲಿ ಮದ್ದು ಸಿಗುತ್ತದೆ. ಮದ್ದಿಗೆ ಕಂಪೆನಿ ಇಟ್ಟ ಹೆಸರು ಅಲ್ಲಿ ಬೇರೆ ಇರಬಹುದು. ಆದರೆ ಒಳಗಿನ ಮದ್ದು ಯಾವುದು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂಬುದು ಎರಡೂ ಕಡೆ ಒಂದೇ ರೀತಿ ಅರ್ಥವಾಗಬೇಕು. ಇಲ್ಲದಿದ್ದರೆ ಜೀವಕ್ಕೇ ಅಪಾಯ.

ಕನ್ನಡದಲ್ಲೇ ಬರೆಯಬೇಕೆಂದರೆ ‘ಪರಸ್ಪರ ಕಾರ್ಯಸಾಧ್ಯತೆ’ ಆಗಬಹುದು, ಸ್ವಲ್ಪ ಭಾರ ಅಷ್ಟೇ. ಇಂಟರಾಪರಬಿಲಿಟಿ ಎಂದೇ ಬರೆದರೂ ನನ್ನ ತಕರಾರಿಲ್ಲ. ‘ವಿಲೀನ’, ‘ಏಕೀಕರಣ’ ಮಾತ್ರ ಬೇಡ. ಅವು ಬೇರೆ ಕೆಲಸದ ಹೆಸರುಗಳು.