ಕಾವಲಿನಲ್ಲಿ ಗುಂಡಿ ತೋಡುವ ಮುನ್ನ

ಜೂನ್ ತಿಂಗಳು ಬಂತೆಂದರೆ ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಕಾವಲು (ದನ ಮೇಯಲು ಮೀಸಲಿಟ್ಟ ಹುಲ್ಲುಬಯಲು), ಗೋಮಾಳ ಹಾಗೂ ಕಲ್ಲುಗುಡ್ಡಗಳ ಇಳಿಜಾರುಗಳಲ್ಲಿ ಗುಂಡಿ ತೆಗೆಯುವ ಕೆಲಸ ಶುರುವಾಗುತ್ತದೆ. ಶಾಲೆಯ ಮಕ್ಕಳು, ಸಂಘಸಂಸ್ಥೆಗಳವರು, ಅಧಿಕಾರಿಗಳು ಸೇರಿ ಸಸಿ ನೆಡುತ್ತಾರೆ. ಅವರ ಉದ್ದೇಶ ಒಳ್ಳೆಯದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನೆಲದ ಗುಣ ನೋಡದೆ ಎಲ್ಲೆಂದರಲ್ಲಿ ಮರ ಬೆಳೆಸಹೊರಟರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಎಂಬುದನ್ನು ಒತ್ತಿ ಹೇಳದೆ ವಿಧಿಯಿಲ್ಲ. ನಮ್ಮ ಕಾವಲುಗಳಲ್ಲಿ ಬಹಳಷ್ಟು ಕಡಿದು ಬರಿದಾದ ಕಾಡುಗಳಲ್ಲ. ಅವು ಮೊದಲಿನಿಂದಲೂ ಹುಲ್ಲುಗಾವಲುಗಳೇ, ಅಥವಾ ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಜಾಲಿ, ಎಲಚಿ, ಮುತ್ತುಗ, ಕಮರದಂಥ ಮರಗಳಿರುವ ವಿರಳ ಕಾಡುಗಳು. ಅಲ್ಲಿನ ಪ್ರಾಣಿ ಪಕ್ಷಿಗಳು ಬದುಕಲು ಕಲಿತಿರುವುದು ಬಯಲಿನಲ್ಲಿಯೇ ಹೊರತು ನೆರಳಿನಲ್ಲಲ್ಲ.

ಮರ ನೆಟ್ಟರೆ ಮಳೆ ಬರುತ್ತದೆ ಎಂಬ ನಂಬಿಕೆ ಈ ಸೀಮೆಯಲ್ಲಿ ಬಲವಾಗಿ ಬೇರೂರಿದೆ. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಚಳ್ಳಕೆರೆಯ ಕಡೆ ವರ್ಷವಿಡೀ ಸುರಿಯುವ ಮಳೆ ಸುಮಾರು 500 ಮಿಲಿಮೀಟರ್‌ ಆಸುಪಾಸು. ಅಷ್ಟು ಮಳೆಯೂ ಬಹುಮಟ್ಟಿಗೆ ಕೆಲವೇ ತಿಂಗಳುಗಳಲ್ಲಿ ಬಿದ್ದು, ಉಳಿದ ತಿಂಗಳು ನೆಲ ಒಣಗಿಯೇ ಇರುತ್ತದೆ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಘಟ್ಟದಲ್ಲಿ ನೀರಿಳಿಸಿ ಬರುವುದರಿಂದ ಇಲ್ಲಿ ಮಳೆ ಕಡಿಮೆಯೇ ಹೊರತು, ಕಾವಲಿನಲ್ಲಿ ಮರವಿಲ್ಲ ಎಂಬ ಕಾರಣಕ್ಕಲ್ಲ. ಇಂಥ ನೆಲದಲ್ಲಿ ಒತ್ತಾಗಿ ನೆಟ್ಟ ನೀಲಗಿರಿಯಂಥ ಮರಗಳು ಇರುವ ಅಲ್ಪ ತೇವವನ್ನೂ ಆಳದಿಂದ ಎಳೆದುಕೊಳ್ಳುತ್ತವೆ.

ಹುಲ್ಲುಗಾವಲು ಎಂದರೆ ಮನುಷ್ಯ ಕಾಡು ಕಡಿದ ಮೇಲೆ ಉಳಿದ ಬಯಲು ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಇದಕ್ಕೆ ಉತ್ತರ ಮಣ್ಣಿನಲ್ಲಿಯೇ ಇದೆ. ಉಷ್ಣವಲಯದ ಹುಲ್ಲುಗಳು ಗಾಳಿಯಿಂದ ಇಂಗಾಲವನ್ನು ಹೀರಿಕೊಳ್ಳುವ ಬಗೆ ಮರಗಳ ಬಗೆಗಿಂತ ಬೇರೆ. ಆದ್ದರಿಂದ ಅವುಗಳ ದೇಹದಲ್ಲಿ ಇಂಗಾಲ-13 ಎಂಬ ತುಸು ಭಾರವಾದ ಇಂಗಾಲದ ಪಾಲು ಹೆಚ್ಚಿರುತ್ತದೆ. ಸಸ್ಯ ಕೊಳೆತು ಮಣ್ಣಾದರೂ ಆ ಗುರುತು ಮಣ್ಣಿನ ಸುಣ್ಣದ ಹರಳುಗಳಲ್ಲಿ ಉಳಿಯುತ್ತದೆ. ಹಿಮಾಲಯದ ತಪ್ಪಲಿನ ಶಿವಾಲಿಕ್ ಪದರಗಳಲ್ಲಿ ಈ ಗುರುತನ್ನು ಅಳೆದಾಗ, ಸುಮಾರು 80 ಲಕ್ಷದಿಂದ 60 ಲಕ್ಷ ವರ್ಷಗಳ ಹಿಂದೆಯೇ ಅಲ್ಲಿ ಇಂಥ ಹುಲ್ಲುಗಳು ವ್ಯಾಪಕವಾಗಿ ಹರಡಿದ್ದವೆಂದು ತಿಳಿದುಬಂತು. ಆಗ ಕೊಡಲಿ ಹಿಡಿದ ಮನುಷ್ಯನೇ ಇರಲಿಲ್ಲ.

ಆ ಬೇರೆ ಬಗೆ ಯಾವುದು ಎಂಬುದು ಸ್ವಲ್ಪ ವಿವರವಾಗಿ ತಿಳಿಯತಕ್ಕದ್ದು. ಎಲೆಯೊಳಗೆ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ರುಬಿಸ್ಕೊ ಎಂಬ ಕಿಣ್ವವಿದೆ. ಬಿಸಿಲು ಏರಿದಾಗ ಈ ಕಿಣ್ವ ತಪ್ಪಿ ಆಮ್ಲಜನಕವನ್ನೂ ಹಿಡಿದುಕೊಳ್ಳುತ್ತದೆ. ಆಗ ಗಿಡದ ಶ್ರಮ ವ್ಯರ್ಥವಾಗುತ್ತದೆ. ಸಿ4 ಎಂದು ಕರೆಯಲಾಗುವ ಹುಲ್ಲುಗಳು ಮೊದಲು ಇನ್ನೊಂದು ಕಿಣ್ವದ ಮೂಲಕ ಇಂಗಾಲವನ್ನು ಹಿಡಿದು, ಎಲೆಯ ನರಗಳ ಸುತ್ತ ಇರುವ ಕೋಶಗಳಿಗೆ ಸಾಗಿಸಿ, ಅಲ್ಲಿ ಅದನ್ನು ಸಾಂದ್ರಗೊಳಿಸಿ ರುಬಿಸ್ಕೊಗೆ ಒದಗಿಸುತ್ತವೆ. ಆದ್ದರಿಂದ ತಪ್ಪು ಕಡಿಮೆಯಾಗುತ್ತದೆ. ಪತ್ರರಂಧ್ರಗಳನ್ನು ಹೆಚ್ಚು ತೆರೆಯಬೇಕಿಲ್ಲವಾದ್ದರಿಂದ ನೀರೂ ಉಳಿಯುತ್ತದೆ. ನಮ್ಮ ಹೊಲದ ಜೋಳ, ರಾಗಿ, ನವಣೆಗಳೂ ಇದೇ ಬಗೆಯವು. ಆದರೆ ಈ ಸಾಗಾಣಿಕೆಗೆ ಹೆಚ್ಚಿನ ಶಕ್ತಿ ಬೇಕು, ಆ ಶಕ್ತಿಗೆ ಪೂರ್ಣ ಬಿಸಿಲು ಬೇಕು. ಮರಗಳ ನೆರಳು ಒತ್ತಾಗಿ ಬಿದ್ದರೆ ಲೆಕ್ಕ ತಲೆಕೆಳಗಾಗಿ ಹುಲ್ಲು ಸೊರಗಿ ಸಾಯುತ್ತದೆ. ಕಾವಲಿನಲ್ಲಿ ದಟ್ಟವಾಗಿ ಮರ ಬೆಳೆಸುವುದೆಂದರೆ ಅಲ್ಲಿನ ಹುಲ್ಲನ್ನು ತೆಗೆದುಹಾಕುವುದೆಂದೇ ಅರ್ಥ.

ಹುಲ್ಲಿನ ಬಹುಪಾಲು ಬದುಕು ನೆಲದೊಳಗಿದೆ. ಗಿಡಮರಗಳು ಕೊಂಬೆಯ ತುದಿಯಿಂದ ಬೆಳೆದರೆ ಹುಲ್ಲಿನ ಎಲೆ ಬುಡದಿಂದ ಬೆಳೆಯುತ್ತದೆ. ದನ ಮೇದರೂ, ಬೇಸಿಗೆಯ ಬೆಂಕಿ ಹಾದುಹೋದರೂ ನೆಲಮಟ್ಟದಲ್ಲಿರುವ ಮೊಗ್ಗುಗಳು ಬದುಕಿರುತ್ತವೆ. ಬೆಂಕಿಯ ಕಾವು ಮಣ್ಣಿನಲ್ಲಿ ಕೆಲವು ಬೆರಳಗಲ ಇಳಿಯುವಷ್ಟರಲ್ಲಿ ಬಹುವಾಗಿ ತಗ್ಗಿಬಿಡುತ್ತದೆ. ಬಹುವಾರ್ಷಿಕ ಹುಲ್ಲುಗಳು ಬೇರಿನ ಮೂಲಕ ಮಣ್ಣಿಗೆ ಸೇರಿಸುವ ಇಂಗಾಲ ಅಲ್ಲಿಯೇ ಇರುತ್ತದೆ, ಮೇಲಿನ ಹುಲ್ಲು ಸುಟ್ಟರೂ ಅದರ ಹೆಚ್ಚಿನ ಪಾಲು ಗಾಳಿಗೆ ಹೋಗುವುದಿಲ್ಲ. ಬೇಸಿಗೆಯಲ್ಲಿ ಬಣ್ಣಗೆಟ್ಟ ಕಾವಲನ್ನು ನೋಡಿ ಸತ್ತ ನೆಲವೆಂದು ತೀರ್ಮಾನಿಸುವವರು ಅದರ ಮೇಲಿನ ಚೂರನ್ನಷ್ಟೇ ನೋಡಿರುತ್ತಾರೆ.

ಈ ಹುಲ್ಲುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು, ಕಂಬಳಿಗೂ ಪಂಚೆಗೂ ಚುಚ್ಚಿಕೊಂಡು ಬರುವ ಊಬಿನ ಹುಲ್ಲು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಹೆಟೆರೊಪೋಗಾನ್ ಕಂಟಾರ್ಟಸ್. ಮಳೆಗಾಲ ಮುಗಿದ ಮೇಲೆ ಬಲಿತ ಒಂದು ಬೀಜವನ್ನು ಕಿತ್ತು ಅಂಗೈ ಮೇಲಿಟ್ಟು ನೋಡಬೇಕು. ಒಂದು ತುದಿಯಲ್ಲಿ ಸೂಜಿಯಷ್ಟು ಚೂಪಾದ ಮೊನೆ, ಮೊನೆಯ ಹಿಂದೆ ಹಿಮ್ಮುಖವಾಗಿ ಬಾಗಿದ ಸಣ್ಣ ರೋಮಗಳು, ಅದರ ಮೇಲೆ ಬೆರಳುದ್ದದ ಕಂದು ಬಣ್ಣದ ಊಬು, ಅಂದರೆ ಬಾಲದಂಥ ಬಿರುಸು ಎಳೆ. ಊಬಿನ ಕೆಳಭಾಗ ಹಗ್ಗದ ಹುರಿಯಂತೆ ಹೊಸೆದುಕೊಂಡಿರುತ್ತದೆ, ಮೇಲ್ಭಾಗ ಮೊಣಕಾಲಿನ ಹಾಗೆ ಮಡಿಸಿಕೊಂಡಿರುತ್ತದೆ. ಅದರ ಮೇಲೆ ಒಂದು ಹನಿ ನೀರು ಬಿಟ್ಟರೆ ಕ್ಷಣಗಳಲ್ಲಿ ಊಬು ತಾನಾಗಿ ತಿರುಗತೊಡಗುತ್ತದೆ. ಒಣಗಿದರೆ ಮತ್ತೆ ವಿರುದ್ಧ ದಿಕ್ಕಿಗೆ ಹೊಸೆದುಕೊಳ್ಳುತ್ತದೆ. ಈ ಊಬು ಸತ್ತ ಅಂಗಾಂಶ, ಅದರಲ್ಲಿ ಜೀವವಿಲ್ಲ. ಕೋಶಗಳ ಗೋಡೆಯಲ್ಲಿ ಸೆಲ್ಯುಲೋಸಿನ ಎಳೆಗಳು ಓರೆಯಾಗಿ ಸುತ್ತಿಕೊಂಡಿರುತ್ತವೆ. ಗೋಡೆ ನೀರು ಹೀರಿ ಉಬ್ಬಿದಾಗ ಎಳೆಗಳು ಉದ್ದಕ್ಕೆ ಹಿಗ್ಗಲಾರವಾದ್ದರಿಂದ ಆ ಉಬ್ಬು ತಿರುಚುವಿಕೆಯಾಗಿ ಪರಿಣಮಿಸುತ್ತದೆ.

ನೆಲಕ್ಕೆ ಬಿದ್ದ ಬೀಜದ ಮಟ್ಟಿಗೆ ಇದರ ಫಲವೇನೆಂದರೆ, ಊಬಿನ ಮಡಿಸಿದ ತುದಿ ಪಕ್ಕದ ಹುಲ್ಲಿನ ದಂಟಿಗೋ ಕಲ್ಲಿಗೋ ತಾಗಿ ನಿಂತಾಗ ತಿರುಗುವ ಬಲವೆಲ್ಲ ಬೀಜದ ಮೊನೆಗೆ ಬರುತ್ತದೆ. ರಾತ್ರಿಯ ಇಬ್ಬನಿಗೆ ಬಿಚ್ಚಿ, ಹಗಲಿನ ಬಿಸಿಲಿಗೆ ಹೊಸೆದು, ಬೀಜ ದಿನದಿಂದ ದಿನಕ್ಕೆ ಮಣ್ಣಿನೊಳಗೆ ಕೊರೆದುಕೊಂಡು ಇಳಿಯುತ್ತದೆ. ಹಿಮ್ಮುಖ ರೋಮಗಳು ಅದನ್ನು ಮತ್ತೆ ಮೇಲೆ ಬರಗೊಡುವುದಿಲ್ಲ. ಬಲಿತ ಕೂಡಲೇ ಮೊಳೆಯದೆ ಕೆಲವು ತಿಂಗಳು ಸುಪ್ತವಾಗಿದ್ದು ಮುಂದಿನ ಮುಂಗಾರಿಗೆ ಏಳುವುದು ಇದರ ಸ್ವಭಾವ. ಅಷ್ಟರಲ್ಲಿ ಇರುವೆಗಳಿಂದಲೂ ಬೆಂಕಿಯಿಂದಲೂ ತಪ್ಪಿಸಿಕೊಳ್ಳಲು ಮಣ್ಣಿನೊಳಗೆ ಅಡಗುವುದಕ್ಕಿಂತ ಬೇರೆ ಉಪಾಯವಿಲ್ಲ. ಬಿತ್ತುವ ರೈತನಿಲ್ಲದೆಯೂ ತನ್ನನ್ನು ತಾನೇ ಬಿತ್ತಿಕೊಳ್ಳುವ ಈ ಹುಲ್ಲಿನ ಮೇಲೆ ಜೆಸಿಬಿ ಹರಿಸಿ ಕಂದಕ ತೋಡಿದರೆ, ತಿರುವಿದ ಮಣ್ಣಿನಲ್ಲಿ ಅದಕ್ಕಿಂತ ಮೊದಲು ಏಳುವುದು ಕಾಂಗ್ರೆಸ್ ಗಿಡ.

ಈ ಬಯಲುಗಳಲ್ಲಿ ದನ ಮೇಯಿಸಿದ ಚರಿತ್ರೆಯೂ ಬಹಳ ಹಳೆಯದು. ಬಳ್ಳಾರಿ ಸುತ್ತಮುತ್ತಲಿನ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ರಾಶಿ ಹಾಕಿ ಸುಟ್ಟ ಸಗಣಿಯಿಂದಾದವು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ನಡೆಸಿದ ಉತ್ಖನನದಲ್ಲೂ ಅದೇ ಯುಗದ ಜನವಸತಿಯ ಕುರುಹುಗಳು ದೊರೆತವು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಫಿರಂಗಿ ಎಳೆಯುವ ಎತ್ತುಗಳಿಗಾಗಿ ಮೀಸಲಿಟ್ಟ ಕಾವಲುಗಳ ವಿಸ್ತಾರ ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿತ್ತು. ಅವುಗಳನ್ನು ಬೇಸಿಗೆಯ, ಮಳೆಗಾಲದ, ಚಳಿಗಾಲದ ಕಾವಲುಗಳೆಂದು ವಿಂಗಡಿಸಿ, ಹಿಂಡನ್ನು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ಖಾಲಿ ಬಿಟ್ಟ ಕಾವಲಿನಲ್ಲಿ ಹುಲ್ಲು ಹೂಬಿಟ್ಟು ಬೀಜ ಉದುರಿಸಲು ಬಿಡುವು ಸಿಗುತ್ತಿತ್ತು. ಮ್ಯಾಸಬೇಡರ ಮತ್ತು ಕಾಡುಗೊಲ್ಲರ ದೇವರ ಎತ್ತುಗಳನ್ನು ಮೇಯಿಸುವ ಕಿಲಾರಿಗಳು ಇಂದಿಗೂ ಮೇವು ಅರಸಿ ಜಾಗ ಬದಲಿಸುತ್ತಾರೆ. ಇಂದಿನ ಹುಲ್ಲುಗಾವಲು ವಿಜ್ಞಾನ ಸರದಿ ಮೇಯಿಸುವಿಕೆ ಎಂದು ಶಿಫಾರಸು ಮಾಡುವುದು ಹೆಚ್ಚುಕಡಿಮೆ ಇದನ್ನೇ.

ಆ ಕಾವಲುಗಳಲ್ಲಿ ಇಂದು ಉಳಿದಿರುವುದು ಸಣ್ಣ ಪಾಲು. ಕಂದಾಯ ತರುವ ಹೊಲವೂ ಅಲ್ಲದ, ನಾಟಾ ಕೊಡುವ ಕಾಡೂ ಅಲ್ಲದ ನೆಲವನ್ನು ಬ್ರಿಟಿಷರ ಆಡಳಿತ ಪಾಳು ಎಂದು ಬರೆದುಕೊಂಡಿತು, ಸ್ವತಂತ್ರ ಭಾರತದ ಬಂಜರು ಭೂಮಿಯ ನಕ್ಷೆಗಳೂ ಕುರುಚಲು ನೆಲವನ್ನು ಅದೇ ಪಟ್ಟಿಗೆ ಸೇರಿಸಿದವು. ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ದೇಶಕ್ಕೆ ಆ ಸಂಸ್ಥೆಗಳು ಬೇಕು. ಆದರೆ ಜಾಗ ಹುಡುಕುವಾಗ ಕಾವಲನ್ನು ಏನೂ ಇಲ್ಲದ ಜಾಗವೆಂದು ಎಣಿಸಿದ್ದು ನ್ಯಾಯವಲ್ಲ. ಪರಿಸರ ವಿಜ್ಞಾನಿಗಳಾದ ಮಧುಸೂದನ್ ಮತ್ತು ಅಬಿ ತಮೀಮ್ ವನಕ್ 2022ರಲ್ಲಿ ಪ್ರಕಟಿಸಿದ ನಕ್ಷೆಯ ಪ್ರಕಾರ ಇಂಥ ಅರೆಶುಷ್ಕ ಬಯಲು ಪರಿಸರಗಳು ಭಾರತದ ಭೂಭಾಗದ ಸುಮಾರು ಶೇಕಡಾ 10ರಷ್ಟಿವೆ, ಅದರಲ್ಲಿ ಸಂರಕ್ಷಿತ ಪ್ರದೇಶಗಳೊಳಗೆ ಇರುವುದು ಶೇಕಡಾ 5ಕ್ಕಿಂತ ಕಡಿಮೆ.

ಕಾವಲಿಗೆ ಮರ ತುಂಬಿದರೆ ಏನಾಗುತ್ತದೆ ಎಂಬುದನ್ನು ನೋಡಲು ಹರಿಹರದಿಂದ ತುಂಗಭದ್ರೆಯನ್ನು ದಾಟಿದರೆ ಸಾಕು. ಅತ್ತ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗೆಂದೇ 1974ರಲ್ಲಿ ಘೋಷಿಸಿದ 119 ಚದರ ಕಿಲೋಮೀಟರ್‌ಗಳ ಅಭಯಾರಣ್ಯದ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತು. ದೂರದಿಂದಲೇ ತೋಳವನ್ನು ಕಂಡು ಓಡಿ ಪಾರಾಗುವ ಕೃಷ್ಣಮೃಗಕ್ಕೆ ಕಣ್ಣು ಹರಿಯದ ತೋಪು ಅಪಾಯದ ಜಾಗ. ಅಲ್ಲಿ ಹಿಂದೆ ಕಾಣುತ್ತಿದ್ದ ಎರೆಭೂತ ಹಕ್ಕಿ ಇಲ್ಲವಾಯಿತು. ಬಯಲಿನಲ್ಲಿ ನೇರ ನೆಲದ ಮೇಲೆಯೇ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಆ ಭಾರಿ ಹಕ್ಕಿಗೆ ತೋಪಿನೊಳಗೆ ಸಂಸಾರ ಹೂಡಲು ಸಾಧ್ಯವಿಲ್ಲ.

ವಿರಳ ಕಾಡಿನ ವಿಷಯಕ್ಕೆ ಬಂದರೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ನಮ್ಮ ಹೆಮ್ಮೆ. 77 ಚದರ ಕಿಲೋಮೀಟರ್‌ಗೆ ತುಸು ಮಿಕ್ಕಿದ ಈ ಪ್ರದೇಶವನ್ನು 2011ರಲ್ಲಿ ಕೊಂಡುಕುರಿಗಾಗಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಜಗತ್ತಿನ ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬು ಸಹಜವಾಗಿ ಇರುವುದು ಕೊಂಡುಕುರಿಗೆ ಮಾತ್ರ. ಗಂಡಿನ ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮೇಲೆ ಅದಕ್ಕಿಂತ ಗಿಡ್ಡವಾದ ಇನ್ನೊಂದು ಜೊತೆ, ಹೆಣ್ಣಿಗೆ ಕೊಂಬಿಲ್ಲ. ಇದು ಹಿಂಡು ಕಟ್ಟುವುದಿಲ್ಲ, ಓಡಿ ಗೆಲ್ಲುವುದಕ್ಕಿಂತ ಎತ್ತರದ ಹುಲ್ಲಿನಲ್ಲಿ ಅಲುಗದೆ ನಿಂತು ಪಾರಾಗುತ್ತದೆ. ಮರಿಗಳನ್ನೂ ಹುಲ್ಲಿನಲ್ಲೇ ಬಚ್ಚಿಡುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವ ಅಭ್ಯಾಸ ಇದಕ್ಕಿರುವುದರಿಂದ, ಪ್ರಾಣಿ ಕಣ್ಣಿಗೆ ಬೀಳದಿದ್ದರೂ ಹಿಕ್ಕೆಯ ರಾಶಿಯಿಂದ ಅದರ ಇರವು ತಿಳಿಯುತ್ತದೆ. ಮರದ ಕೆಳಗೆ ಹುಲ್ಲೇ ಇಲ್ಲದ ಕಾಡು ಕೊಂಡುಕುರಿಗೆ ಉಪಯೋಗವಿಲ್ಲ. ಮರ ಉಳಿಸಿ ಹುಲ್ಲು ಕಳೆದರೂ ಅಷ್ಟೇ, ಹುಲ್ಲು ಉಳಿಸಿ ಮರವನ್ನೆಲ್ಲ ಕಡಿದರೂ ಅಷ್ಟೇ.

ಹಾಗಾದರೆ ಕಾವಲನ್ನು ಮತ್ತೆ ಕಾವಲಾಗಿಸುವುದು ಹೇಗೆ? ಮೊದಲನೆಯದಾಗಿ, ಇನ್ನೂ ಚೆನ್ನಾಗಿರುವುದನ್ನು ಮುಟ್ಟಬಾರದು. ಒಮ್ಮೆ ಉತ್ತು ಹಾಳಾದ ಹುಲ್ಲುಗಾವಲು ಹಸಿರಾಗಲು ಕೆಲವು ವರ್ಷ ಸಾಕು, ಅದರ ಮೂಲ ಸಸ್ಯಸಂಪತ್ತು ಮರಳಲು ಹಲವು ದಶಕಗಳು ಬೇಕು. ಕೆಟ್ಟ ಜಾಗದಲ್ಲಿ ಮೊದಲ ಕೆಲಸ ತೆಗೆಯುವುದು, ನೆಡುವುದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹೊರದೇಶದಿಂದ ತಂದ ಬಳ್ಳಾರಿ ಜಾಲಿಯ ಕಾಯನ್ನು ದನಕುರಿಗಳು ಇಷ್ಟಪಟ್ಟು ತಿನ್ನುತ್ತವೆ, ಗಟ್ಟಿ ಬೀಜ ಹೊಟ್ಟೆಯಲ್ಲಿ ಜೀರ್ಣವಾಗದೆ ಗೊಬ್ಬರದೊಂದಿಗೆ ಹೊಸ ಜಾಗಕ್ಕೆ ಬಿದ್ದು ಮೊಳೆಯುತ್ತದೆ. ಇದನ್ನು ನೆಲಮಟ್ಟಕ್ಕೆ ಕಡಿದರೆ ಪ್ರಯೋಜನವಿಲ್ಲ, ಬುಡದ ಮೊಗ್ಗುಗಳು ಒಂದಕ್ಕೆ ಹತ್ತಾಗಿ ಚಿಗುರುತ್ತವೆ. ಮಳೆ ಬಿದ್ದು ನೆಲ ಮೆತ್ತಗಾದಾಗ ಸುಮಾರು ಒಂದು ಅಡಿ ಆಳದವರೆಗೆ ಬುಡವನ್ನೇ ಕಿತ್ತು, ಮಣ್ಣಿನಲ್ಲಿ ಉಳಿದ ಬೀಜಗಳಿಂದ ಏಳುವ ಸಸಿಗಳನ್ನು ಮುಂದಿನ ವರ್ಷಗಳಲ್ಲೂ ತಪ್ಪದೆ ಕೀಳುತ್ತಿರಬೇಕು. ಸ್ಥಳೀಯ ಕರಿಜಾಲಿ, ಬಿಳಿಜಾಲಿಗಳನ್ನು ಈ ಭರಾಟೆಯಲ್ಲಿ ಕಡಿದು ಹಾಕದಂತೆ ಎಚ್ಚರ ಬೇಕು.

ತೆರವಾದ ನೆಲಕ್ಕೆ ಹತ್ತಿರದ ಆರೋಗ್ಯವಂತ ಕಾವಲಿನಿಂದಲೇ ಬೀಜ ತರಬೇಕು. ಮಳೆಗಾಲದ ನಂತರ ಬಲಿತ ತೆನೆ ಕೊಯ್ದು, ಒಣಗಿಸಿಟ್ಟು, ಮುಂಗಾರಿನ ಮುಂಚೆ ಚೆಲ್ಲಿದರೆ ಊಬಿನ ಹುಲ್ಲು ಉಳಿದ ಕೆಲಸವನ್ನು ತಾನೇ ನೋಡಿಕೊಳ್ಳುತ್ತದೆ. ಕಾಚಿ ಹುಲ್ಲಿನಂಥವುಗಳ ಬುಡ ಸೀಳಿ ನೆಡಬಹುದು. ಮೊದಲ ಮಳೆಗಾಲಗಳಲ್ಲಿ ಮೇಯಿಸುವುದನ್ನು ನಿಲ್ಲಿಸಬೇಕಾಗುತ್ತದೆ. ಇದನ್ನು ಕುರಿಗಾಹಿಗಳೊಡನೆ ಕೂತು ಮಾತಾಡಿ, ಅವರಿಗೆ ಬೇರೆಡೆ ಮೇವಿನ ದಾರಿ ತೋರಿಸಿ ಮಾಡಬೇಕೇ ಹೊರತು ಬೇಲಿ ಹಾಕಿ ಕೇಸು ಜಡಿದಲ್ಲ. ಆಮೇಲೆ ಹದವಾದ ಮೇಯಿಸುವಿಕೆ ಹುಲ್ಲಿಗೆ ಒಳ್ಳೆಯದೇ. ವರ್ಷಗಟ್ಟಲೆ ಯಾರೂ ಮೇಯದ, ಬೆಂಕಿಯೂ ಕಾಣದ ಬಯಲಿನಲ್ಲಿ ಒಣಹುಲ್ಲು ಕವಿದು ಹೊಸ ಚಿಗುರಿಗೆ ಬೆಳಕಿಲ್ಲದಂತಾಗುತ್ತದೆ. ಹಾಗೆಂದು ಪ್ರತಿ ಬೇಸಿಗೆಯೂ ಇಡೀ ಗುಡ್ಡಕ್ಕೆ ಬೆಂಕಿ ಇಡುವುದನ್ನು ಸಮರ್ಥಿಸಲಾಗದು. ನೆಲಗುಬ್ಬಿಯ ಗೂಡು, ಹುಲ್ಲಿನಲ್ಲಿ ಅಡಗಿದ ಮರಿಗಳು ಓಡಿ ತಪ್ಪಿಸಿಕೊಳ್ಳಲಾರವು.

ಎಲ್ಲ ನೆಲವೂ ಹುಲ್ಲುಗಾವಲಾಗಬೇಕೆಂದೂ ನಾನು ವಾದಿಸುತ್ತಿಲ್ಲ. ಚಿತ್ರದುರ್ಗದ ಬಳಿಯ ಜೋಗಿಮಟ್ಟಿ ಬೆಟ್ಟದ ಕಣಿವೆಗಳಲ್ಲಿ, ಹಳ್ಳಗಳ ದಡದಲ್ಲಿ, ತೇವ ನಿಲ್ಲುವ ಮಣ್ಣಿನಲ್ಲಿ ದಟ್ಟ ಮರ ಸಹಜ. ಸಸಿ ನೆಡಲು ಊರ ಬೀದಿ, ಕೆರೆ ಏರಿಯ ಆಚೆಯ ಖಾಲಿ ಜಾಗ, ಶಾಲೆಯ ಅಂಗಳ, ಹೊಲದ ಬದು ಬೇಕಾದಷ್ಟಿವೆ. ಕಾವಲಿನಲ್ಲಿ ನೆಡುವ ಪ್ರಸ್ತಾವ ಗ್ರಾಮ ಪಂಚಾಯಿತಿಯ ಮುಂದೆ ಬಂದಾಗ ಕೇಳಬೇಕಾದದ್ದು ಇಷ್ಟು: ಅಲ್ಲಿ ಈಗ ಯಾವ ಯಾವ ಹುಲ್ಲಿದೆ, ಯಾವ ಹಕ್ಕಿ ಗೂಡಿಡುತ್ತದೆ, ಯಾರ ಹಿಂಡು ಯಾವ ತಿಂಗಳು ಮೇಯುತ್ತದೆ. ಕೆಲಸದ ಫಲವನ್ನೂ ಬದುಕಿದ ಸಸಿಗಳ ಸಂಖ್ಯೆಯಿಂದ ಅಳೆಯದೆ, ಮೂರನೆಯ ಮಳೆಗಾಲದ ನಂತರ ಒಂದು ಚದರ ಮೀಟರಿನಲ್ಲಿ ಎಷ್ಟು ಬಗೆಯ ಬಹುವಾರ್ಷಿಕ ಹುಲ್ಲುಗಳಿವೆ, ಬಳ್ಳಾರಿ ಜಾಲಿಯ ಹೊಸ ಸಸಿಗಳು ಎಷ್ಟಿವೆ, ನೆಲಗುಬ್ಬಿಯ ಗೂಡುಗಳೂ ಕೊಂಡುಕುರಿಯ ಹಿಕ್ಕೆ ರಾಶಿಗಳೂ ಹಿಂದಿನ ವರ್ಷಕ್ಕಿಂತ ಹೆಚ್ಚಿವೆಯೇ ಎಂದು ಎಣಿಸಿ ಅಳೆಯಬೇಕು. ಈ ಎಣಿಕೆಯನ್ನು ತರಬೇತಿ ಪಡೆದ ಊರಿನ ಹುಡುಗರೇ ಮಾಡಬಲ್ಲರು, ಹುಲ್ಲಿನ ಗುರುತು ಹೇಳಿಕೊಡಲು ಕುರಿಗಾಹಿಗಳಿದ್ದಾರೆ.